ಚೇಳುಮೀನು ಮತ್ತು ನನ್ನ ಬಲಗಣ್ಣು

ಬಟ್ಟೆಯಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಟವೆಲ್ಲು, ಚಾದರ ನೇಯುವ ಒಂದು ಕಾರಖಾನೆ. ಅದರ ಹಿಂಬದಿಯಲ್ಲಿ, ಮಗ್ಗಗಳ ಸದ್ದು ಗೋಡೆಯ ಆಚೆಗೇ ಉಳಿಯುವಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ನಿಲ್ಲಿಸಿದ ಒಂದು ಮೇಜು. ನೇಯ್ದ ಬಟ್ಟೆ ಅದರ ಮೇಲಿಂದ ಜಾರಿ ಕೆಳಗಿಳಿಯುತ್ತಿರುತ್ತದೆ, ನಾನು ನೋಡುತ್ತಾ ನಿಂತಿರುತ್ತೇನೆ. ಉದ್ದಕ್ಕೆ ಹೋಗುವ ಹಾಸಿನಲ್ಲಿ ಒಂದು ಎಳೆ ಹರಿದಿದ್ದರೆ, ಅಡ್ಡಕ್ಕೆ ಹೋಗುವ ಹೊಕ್ಕಿನಲ್ಲಿ ಒಂದು ದಾರ ತಪ್ಪಿದ್ದರೆ, ಎಲ್ಲೋ ಎಣ್ಣೆಯ ಹನಿ ಬಿದ್ದಿದ್ದರೆ ಬಟ್ಟೆಯನ್ನು ನಿಲ್ಲಿಸಬೇಕು. ತಪ್ಪಿನ ಮೇಲೆ ಮೊದಲು ಹೆಬ್ಬೆರಳು ಒತ್ತಬೇಕು, ಆಮೇಲೆ ಅಲ್ಲಿ ಕೆಂಪು ದಾರದ ಗುರುತು ಕಟ್ಟಬೇಕು. ಹೆಬ್ಬೆರಳು ಯಾಕೆಂದರೆ, ದಾರ ತೆಗೆದುಕೊಳ್ಳಲು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ತಪ್ಪು ಮತ್ತೆ ಬಟ್ಟೆಯೊಳಗೆ ಅಡಗಿಬಿಡುತ್ತದೆ. ಕಣ್ಣು ಕಂಡದ್ದನ್ನು ಕೈ ಹಿಡಿದಿಡಬೇಕು. ಇದು ನಮ್ಮ ಮೇಜಿನ ಪದ್ಧತಿ. ಈ ಪದ್ಧತಿಯೇ ಒಂದು ದಿನ ಸಮುದ್ರದ ತಳದಲ್ಲಿ ನನ್ನನ್ನು ಆಸ್ಪತ್ರೆಗೆ ಕಳಿಸಲು ನೋಡುತ್ತದೆ ಎಂದು ನಾನು ಎಣಿಸಿರಲಿಲ್ಲ. ಜಗತ್ತಿನ ಉಳಿದೆಲ್ಲ ಅಪಾಯಗಳ ಬಗ್ಗೆ ಚಿಂತೆ ಮಾಡಿಟ್ಟವನು ಇದೊಂದನ್ನು ಬಿಟ್ಟುಬಿಟ್ಟಿದ್ದೆ.

ಚಿಂತೆ ನನಗೆ ಚಹಾ ಇದ್ದಂತೆ, ಹೊತ್ತಿಗೆ ಸರಿಯಾಗಿ ಬೇಕು. ಮನೆಗೆ ಬೀಗ ಹಾಕಿ ಓಣಿಯ ತುದಿ ತಲುಪಿದ ಮೇಲೆ ಗ್ಯಾಸಿನ ಗುಂಡಿ ನೋಡಲು ವಾಪಸು ಬರುತ್ತೇನೆ. ಬಸ್ಸು ಹತ್ತಿದರೆ ಡ್ರೈವರನಿಗೆ ನಿದ್ದೆ ಬಂದಿದೆಯೇ ಎಂದು ಕನ್ನಡಿಯಲ್ಲಿ ಅವನ ರೆಪ್ಪೆ ನೋಡುತ್ತೇನೆ. ನಮ್ಮ ಮನೆಯವಳು ಫೋನು ಎತ್ತದಿದ್ದರೆ ಏನಾಯಿತೋ ಎಂದು ಗಾಬರಿಯಾಗುತ್ತದೆ. ಕೂಡಲೇ ಎತ್ತಿದರೆ, ಇಷ್ಟು ಬೇಗ ಯಾಕೆ ಎತ್ತಿದಳು ಎಂದು ಇನ್ನೊಂದು ಗಾಬರಿ.

ಇಂಥವನಿಗೆ, ಐವತ್ತರ ಹತ್ತಿರ ಬರುತ್ತಿದ್ದಂತೆ, ಬಲಗಣ್ಣಿಗೆ ಪೊರೆ ಬರತೊಡಗಿದೆ ಎಂದು ಡಾಕ್ಟರು ಹೇಳಿದರು. ಸಣ್ಣ ಆಪರೇಶನ್ನು, ಅಂದೇ ಮನೆಗೆ ಹೋಗಬಹುದು ಎಂದರು. ‘ಸಣ್ಣ’ ಎಂಬ ಮಾತು ಕೇಳಿದೊಡನೆ ಎಷ್ಟು ಸಣ್ಣ ಎಂದು ಕೇಳಿದೆ. ಕಣ್ಣು ನನ್ನ ಅನ್ನ. ಅದಕ್ಕೆ ಯಾರೋ ಚೂರಿ ತಾಗಿಸಿ, ಅವರ ಕೈ ಕೂದಲೆಳೆಯಷ್ಟು ಅಲುಗಿದರೆ? ಗಣಪತಿ ಹಬ್ಬ ಮುಗಿಯಲಿ ಎಂದೆ. ಆಮೇಲೆ ದೀಪಾವಳಿಯ ಆರ್ಡರು ಮುಗಿಯಲಿ ಎಂದೆ. ಆಮೇಲೆ ಎಡಗಣ್ಣು ಚೆನ್ನಾಗಿದೆಯಲ್ಲ, ಒಂದರಿಂದ ಕೆಲಸ ನಡೆಯುತ್ತದೆ ಎಂದೆ. ನಡುವೆ ಒಂದು ದಿನ ನಾನು ನೋಡಿ ಕಳಿಸಿದ ಟವೆಲ್ಲೊಂದು ಮಡಿಸುವ ವಿಭಾಗದಿಂದ ತಿರುಗಿ ಬಂತು. ಮೇಲ್ವಿಚಾರಕರು ಅದನ್ನು ತಾವೇ ತಂದರು. ಎಳೆ ತಪ್ಪಿದ್ದ ಜಾಗ ಮೇಲೆ ಬರುವಂತೆ ಮಡಿಸಿ ನನ್ನ ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಮನೆಯವಳು ಈ ಸಂಗತಿಯನ್ನೆಲ್ಲ ಹನ್ನೂರಿನಲ್ಲಿರುವ ನನ್ನ ಅಕ್ಕನಿಗೆ ಮುಟ್ಟಿಸಿದಳು. ಅಕ್ಕ ನನಗಿಂತ ಆರೇಳು ವರ್ಷ ದೊಡ್ಡವಳು. ಹೊಲ, ಎಮ್ಮೆ, ಆಳುಗಳು, ಊರಿನ ಅರ್ಧದಷ್ಟು ಜಗಳಗಳು, ಎಲ್ಲ ಅವಳ ಹಿಡಿತದಲ್ಲಿವೆ. ನನಗೆ ಈಸು ಕಲಿಸಿದವಳೂ ಅವಳೇ. ನಮ್ಮ ತೋಟದ ಬಾವಿಯ ದಂಡೆಯಲ್ಲಿ ನನ್ನ ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ, “ಹೆದರಬ್ಯಾಡ, ನಾ ಹಿಡೀತೀನಿ” ಎಂದು ನಂಬಿಸಿ, ಹಿಂದಿನಿಂದ ನೂಕಿದ್ದಳು. ಹಿಡಿಯಲಿಲ್ಲ. ಈಸು ಮಾತ್ರ ಬಂತು.

ಒಂದು ರವಿವಾರ ಹನ್ನೂರಿಗೆ ಹೋದಾಗ ಅಕ್ಕ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕೂತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಮೊರವನ್ನು ನನ್ನ ಮುಂದೆ ಸರಿಸಿದಳು.

“ಹರಳ ಆರಿಸು.”

“ನೀರು ಕೊಡ್ತಿ ಏನಿಲ್ಲ ಮೊದಲ?”

“ನೀರು ಎಲ್ಲಿ ಓಡಿ ಹೋಗ್ತದ? ಆರಿಸು.”

ಆರಿಸಿದೆ. ಬೇಳೆಯನ್ನು ಬಟ್ಟೆಯ ಹಾಗೆ ಹರವಿ, ಸಾವಕಾಶವಾಗಿ ನೋಡಿ, ಸಿಕ್ಕ ಹರಳುಗಳನ್ನು ಬದಿಗಿಟ್ಟು, ಇನ್ನಿಲ್ಲ ಎಂದು ಮೊರ ವಾಪಸು ಕೊಟ್ಟೆ. ಅಕ್ಕ ಒಂದು ಸಲ ಮೊರ ಅಲ್ಲಾಡಿಸಿದಳು. ಬಲಬದಿಯಿಂದ ಒಂದಾದ ಮೇಲೊಂದು ಹರಳು ಹೆಕ್ಕಿ ನನ್ನ ಅಂಗೈಯಲ್ಲಿ ಇಟ್ಟಳು.

“ನಿನ್ನ ಬಾಜೂಕ ಕುಂತು ಉಂಡವ್ರ ಹಲ್ಲು ಉಳಿಯಂಗಿಲ್ಲ ತಮ್ಮಾ.”

“ಬೇಳಿ ಬಣ್ಣ, ಹರಳಿನ ಬಣ್ಣ ಎರಡೂ ಒಂದ ಅದಾವ ಅಕ್ಕಾ.”

“ಅದಕ್ಕ ಆರಿಸೂದು. ಬ್ಯಾರೆ ಬಣ್ಣ ಇದ್ರ ಎಮ್ಮಿನೂ ಆರಿಸ್ತಿತ್ತು.”

ಆಮೇಲೆ ಅವಳು ಮೊಬೈಲು ತೆಗೆದಳು. ಕರಜಗಿಗೆ ಕೊಟ್ಟಿರುವ ಅವಳ ನಾದಿನಿ ಯಾರೊಂದಿಗೋ ಕೊಂಕಣ ಕರಾವಳಿಯ ಮಾಲವಣಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತು, ಸಮುದ್ರದೊಳಗೆ ಇಳಿದು ವಿಡಿಯೋ ಮಾಡಿಸಿಕೊಂಡಿದ್ದಳು. ನೀರೊಳಗೆ ಒಂದು ಬೆರಳು ಒಂದು ಕಲ್ಲನ್ನು ತೋರಿಸುತ್ತಿತ್ತು. ನಾನು ಕಲ್ಲನ್ನೇ ನೋಡುತ್ತಿದ್ದೆ. ಕಲ್ಲು ಎದ್ದು ಈಸಿಕೊಂಡು ಹೋಯಿತು. ಮೊಬೈಲು ನನ್ನ ಕೈಯಿಂದ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

“ನಂಗ ಮೊದಲ ಕಂಡಿತ್ತು,” ಎಂದಳು ಅಕ್ಕ. “ನೋಡು, ಹುಟ್ಟಿದಾಗಿಂದ ಬಾವ್ಯಾಗ ಈಸೀನಿ. ಕಣ್ ತಗದ್ರ ಹಸರ ಪಾಚಿ ಬಿಟ್ರ ಏನಿಲ್ಲ. ಒಂದ್ ಸಲಾ ಏನರ ಇರೂ ನೀರಾಗ ಇಳಿಬೇಕಂತ ಅದ ನಂಗ. ನೀನೂ ನಡಿ. ಅಲ್ಲಿ ಅಡಗಿ ಕುಂತ ಒಂದ ಮೀನ ನೀ ಹುಡುಕು. ಯಾರೂ ಬೆರಳ ಮಾಡಿ ತೋರ್ಸಬಾರ್ದು, ನಿನ್ನ ಕಣ್ಣಿಗೇ ಬೀಳಬೇಕು. ಸಿಕ್ರ, ಆಪರೇಶನ್ ಅಂಬೂ ಮಾತು ನಾ ಎತ್ತಂಗಿಲ್ಲ, ನಿನ್ನ ಹೆಂಡ್ತಿಗೂ ಎತ್ತಗೊಡಂಗಿಲ್ಲ. ಸಿಗಲಿಲ್ಲಂದ್ರ ಬಸ್ ಇಳದು ಸೀದಾ ದವಾಖಾನಿ.”

ಆಪರೇಶನ್ನಿನಿಂದ ತಪ್ಪಿಸಿಕೊಳ್ಳಲು ಸಮುದ್ರದ ತಳಕ್ಕೆ ಹೋಗಲು ಒಪ್ಪಿದ ಮನುಷ್ಯ ಸೊಲ್ಲಾಪುರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಆದರೆ ಒಪ್ಪಿದ ಮೇಲೆ ನನ್ನಲ್ಲಿ ಒಂದು ಹಟ ಹುಟ್ಟಿತು. ನನ್ನ ಕಣ್ಣು ಮೇಜಿಗೆ ಇನ್ನೂ ಲಾಯಕ್ಕೋ ಅಲ್ಲವೋ ಎಂಬುದನ್ನು ಡಾಕ್ಟರೂ ಹೇಳುವುದು ಬೇಡ, ಮೇಲ್ವಿಚಾರಕರೂ ಹೇಳುವುದು ಬೇಡ. ಮೀನೇ ಹೇಳಲಿ.

ಡಿಸೆಂಬರಿನಲ್ಲಿ ಹೋದೆವು. ಕೊಲ್ಹಾಪುರದ ಬಸ್ಸು, ಅಲ್ಲಿಂದ ಘಾಟ ಇಳಿಯುವ ಇನ್ನೊಂದು ಬಸ್ಸು. ಘಾಟಿನ ಒಂದೊಂದು ತಿರುವಿನಲ್ಲೂ ನಾನು ಇಲ್ಲದ ಬ್ರೇಕು ಒತ್ತಿ ಒತ್ತಿ ಮಾಲವಣ ತಲುಪುವಾಗ ಬಲಗಾಲು ನೋಯುತ್ತಿತ್ತು. ಅಕ್ಕ ಇಡೀ ದಾರಿ ನಿದ್ದೆ ಮಾಡಿದಳು.

ನೀರಿಗಿಳಿಸುವವರು ಇಬ್ಬರಿದ್ದರು, ಅಕ್ಕನಿಗೊಬ್ಬ, ನನಗೊಬ್ಬ. ನನ್ನ ಪಾಲಿಗೆ ಬಂದವನು ಹೆಚ್ಚುಕಡಿಮೆ ನನ್ನ ವಯಸ್ಸಿನವನೇ. ಹೊಟ್ಟೆ ಬಂದಿತ್ತು, ಮೀಸೆ ಬೆಳ್ಳಗಾಗಿತ್ತು. ಅದನ್ನು ನೋಡಿ ಸ್ವಲ್ಪ ಸಮಾಧಾನವಾಯಿತು: ಇಷ್ಟು ವರ್ಷ ಇವನು ಮುಳುಗಿಲ್ಲವಲ್ಲ. ದೋಣಿಯಲ್ಲಿ ನಾನು ಅವನಿಗೆ ಮರಾಠಿಯಲ್ಲಿ ಪ್ರಶ್ನೆ ಕೇಳತೊಡಗಿದೆ. ಗಾಳಿ ಮುಗಿದರೆ? ಕೊಳವೆ ತುಂಡಾದರೆ? ಸಿಲಿಂಡರಿನ ತಿರುಗಣೆ ನಿನ್ನೆ ಯಾರು ನೋಡಿದರು, ಇವತ್ತು ಯಾರು ನೋಡಿದರು? ಕೆಮ್ಮು ಬಂದರೆ? ಅವನು ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟ. ಅಕ್ಕನಿಗೇ ತಾಳ್ಮೆ ಇರಲಿಲ್ಲ.

“ಏ, ಸೀನು ಬಂದ್ರ ಏನ್ ಮಾಡೂದು ಅಂತ ಕೇಳು. ಅದೊಂದ ಉಳದದ.”

ನಿಜಕ್ಕೂ ಅದೇ ನನ್ನ ಮುಂದಿನ ಪ್ರಶ್ನೆಯಾಗಿತ್ತು. ನುಂಗಿಕೊಂಡೆ.

ನನ್ನ ಕನ್ನಡಕದ ಮಾತು ಬಂತು. ನೀರೊಳಗೆ ಕನ್ನಡಕ ಹಾಕುವ ಹಾಗಿಲ್ಲ. ಕಣ್ಣು, ಮೂಗು ಮುಚ್ಚುವ ಗಾಜಿನ ಮುಖವಾಡ ಮಾತ್ರ. ನೀರಲ್ಲಿ ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ, ಚಿಂತೆ ಬೇಡ ಎಂದ ಅವನು. ಚಿಂತೆ ಬೇಡ ಎಂದು ನನಗೆ ಹೇಳುವವರ ಮೇಲೆ ನನಗೆ ಯಾವಾಗಲೂ ಅನುಮಾನ.

ಕೊನೆಗೆ ಅವನು ಬೆರಳೆತ್ತಿ ಒಂದು ನಿಯಮ ಹೇಳಿದ: “ದಾದಾ, ಬಘಾಯ್ಚ. ಹಾತ ನಾಹೀ ಲಾವಾಯ್ಚಾ.” ನೋಡುವುದಷ್ಟೇ, ಕೈ ಹಚ್ಚುವುದಿಲ್ಲ. ಕಲ್ಲಿನ ಹಾಗೆ ಕೂತಿರುವ ಮೀನುಗಳಲ್ಲಿ ಒಂದಕ್ಕೆ ಅವರು ವಿಂಚೂ ಮಾಸಾ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಚೇಳುಮೀನು. ಬೆನ್ನ ಮೇಲಿನ ಮುಳ್ಳುಗಳಲ್ಲಿ ವಿಷ. ಚುಚ್ಚಿದರೆ ಗಟ್ಟಿ ಗಂಡಸರೂ ಅಮ್ಮನನ್ನು ಕರೆಯುತ್ತಾರೆ ಎಂದ. ನಾನು ತಲೆಯಾಡಿಸಿದೆ. ಕೈ ಹಚ್ಚಲು ನನಗೇನು ಹುಚ್ಚೇ?

ಮೈಗೆ ಅಂಟುವ ಕಪ್ಪು ರಬ್ಬರಿನ ಉಡುಪಿನಲ್ಲಿ ಅಕ್ಕನನ್ನು ನಾನು ಅದುವರೆಗೆ ಕಲ್ಪಿಸಿಕೊಂಡಿರಲಿಲ್ಲ. ಇಳಕಲ್ ಸೀರೆ ಮಡಿಸಿ ಚೀಲದಲ್ಲಿಟ್ಟು, ತಲೆಗೂದಲು ಬಿಗಿಯಾಗಿ ಕಟ್ಟಿಕೊಂಡು ಹೊರಬಂದಳು.

“ಎಮ್ಮಿ ಕಂಡಂಗ ಕಾಣ್ತೀನೇನೋ?”

“ಎಮ್ಮಿ ನೀರಾಗ ಛಲೋ ಇರ್ತಾವ ಅಕ್ಕಾ.”

“ನೀ ಮಾತ್ರ ನೀರಿಗಿಳಿಯೂ ಮೊದಲ ತೊಯ್ದ ಕಾಗಿ ಆಗೀದಿ ನೋಡು,” ಎಂದು ಹಿಮ್ಮುಖವಾಗಿ ದೋಣಿಯಿಂದ ನೀರಿಗೆ ಉರುಳಿಬಿಟ್ಟಳು. ನನ್ನನ್ನು ಉರುಳಿಸಬೇಕಾಯಿತು.

ಮೊದಲ ಇಳಿತದ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಯಾಕೆಂದರೆ ನಾನು ಉಸಿರಾಟವನ್ನೇ ನೋಡಿಕೊಳ್ಳುತ್ತಿದ್ದೆ. ಬಾಯಲ್ಲಿ ಕಚ್ಚಿಕೊಂಡ ರಬ್ಬರಿನಿಂದ ಗಾಳಿ ಬರುತ್ತಿತ್ತು. ಮುಂದಿನದು ಬಾರದಿದ್ದರೆ ಎಂದುಕೊಳ್ಳುವಷ್ಟರಲ್ಲಿ ಮುಂದಿನದೂ ಬರುತ್ತಿತ್ತು. ಕಿವಿ ಬಿಗಿದಾಗ ಮೂಗು ಹಿಡಿದು ಊದಬೇಕು. ನಾನು ಬಿಗಿಯದಿದ್ದಾಗಲೂ ಊದಿದೆ. ನನ್ನವನು ಹಿಂದಿನಿಂದ ನನ್ನ ಸಿಲಿಂಡರಿನ ಕುತ್ತಿಗೆ ಹಿಡಿದು, ಸಂತೆಗೆ ಕರುವನ್ನು ನಡೆಸಿದ ಹಾಗೆ ನಡೆಸುತ್ತಿದ್ದ. ಕೆಳಗೆ ಬಂಡೆಗಳು, ಹವಳ, ಪಾಚಿ, ಮರಳು. ಹಳದಿ ನೀಲಿ ಮೀನುಗಳ ಗುಂಪು ಕಾಣುತ್ತಿತ್ತು, ಆದರೆ ಅವು ಲೆಕ್ಕಕ್ಕಿಲ್ಲ, ಅವು ಅಡಗಿರಲಿಲ್ಲ. ನನ್ನವನು ಮರಳಿನ ಕಡೆ ಬೆರಳು ತೋರಿಸಿದ. ನಾನು ಮರಳು ನೋಡಿದೆ. ಮತ್ತೆ ತೋರಿಸಿದ. ಮರಳೇ. ಪಾಪ, ಬಡಪಾಯಿಗೆ ಬೇಜಾರಾಗಬಾರದೆಂದು ಕಂಡಿತು ಎಂಬಂತೆ ತಲೆಯಾಡಿಸಿದೆ. ಆಗ ಮರಳಿನಿಂದ ರೊಟ್ಟಿಯಂಥ ಚಪ್ಪಟೆ ಮೀನೊಂದು ಮೇಲೆದ್ದು, ಒಂದು ಮಾರು ದೂರ ಹೋಗಿ, ಮತ್ತೆ ಮರಳಾಯಿತು.

ಅತ್ತ ಅಕ್ಕ ಖುಷಿಯಲ್ಲಿ ತನ್ನವನಿಗೆ ಹೆಬ್ಬೆರಳು ಎತ್ತಿ ತೋರಿಸಿದಳು. ನೀರಿನ ಭಾಷೆಯಲ್ಲಿ ಅದರ ಅರ್ಥ ‘ಮೇಲೆ ಹೋಗೋಣ’ ಎಂದು. ಅವನು ಅವಳನ್ನು ಮೇಲೆ ಕರೆದುಕೊಂಡು ಹೋದ. ಸಿಟ್ಟಿನಿಂದ ತಿರುಗಿ ಬಂದಳು. ಮುಖವಾಡದ ಹಿಂದೆಯೂ ಸಿಟ್ಟು ಕಾಣುತ್ತಿತ್ತು.

ದೋಣಿಯಲ್ಲಿ ಅಕ್ಕ ತಾನು ಕಂಡದ್ದನ್ನು ಹೇಳಿದಳು. ಚಪ್ಪಟೆ ಮೀನು, ಕಲ್ಲಿನ ಸಂದಿನಲ್ಲಿ ಮೂತಿ ಮಾತ್ರ ಹೊರಗಿಟ್ಟ ಹಾವಿನಂಥದ್ದು, ಪಾಚಿಯ ಬಣ್ಣದ ಇನ್ನೇನೋ.

“ನಿಂಗ?”

“ಒಂದೆರಡು ಕಂಡಂಗಾತು.”

“ಕಂಡಂಗಾತು ಅಂದ್ರ ಕಾಣಲಿಲ್ಲ ಅಂತ. ಸುಳ್ಳ ಸುಳ್ಳ ತಲಿ ಅಲ್ಲಾಡಸಬ್ಯಾಡ, ನಾ ನೋಡೀನಿ.” ಆಮೇಲೆ ಸ್ವಲ್ಪ ಮೆತ್ತಗಾಗಿ, “ನಾಳೆ ಇನ್ನೊಂದ್ ದಿನ ಅದ,” ಎಂದಳು. ಅಕ್ಕ ಮೆತ್ತಗಾದಾಗ ನನಗೆ ನಿಜವಾದ ಹೆದರಿಕೆಯಾಗುತ್ತದೆ.

ಆ ಸಂಜೆ ಲಾಜಿನ ಕೋಣೆಯಲ್ಲಿ ಕೂತು ಯೋಚಿಸಿದೆ. ಮಂಚದ ಮೇಲೆ ಹಾಸಿದ್ದದ್ದು ನಮ್ಮ ಸೊಲ್ಲಾಪುರದ ಚಾದರವೇ, ಬಾರ್ಡರು ನೋಡಿದರೆ ಗೊತ್ತಾಗುತ್ತದೆ. ಕೈ ಸುಮ್ಮನಿರದೆ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಎತ್ತಿ ಹಿಡಿದು ಮೇಲಿಂದ ಕೆಳಗೆ ಜಾರಿಸಿದೆ. ಒಂದು ಕಡೆ ಹೊಕ್ಕಿನ ದಾರ ತಪ್ಪಿತ್ತು. ಹೆಬ್ಬೆರಳು ತಾನಾಗಿ ಹೋಗಿ ಅದರ ಮೇಲೆ ಕೂತಿತು. ಯಾವ ಪುಣ್ಯಾತ್ಮ ಇದನ್ನು ನೋಡಿ ಪಾಸು ಮಾಡಿದನೋ ಎಂದು ಬೈದುಕೊಂಡೆ. ನಾನೇ ಇದ್ದರೂ ಇರಬಹುದು.

ಬಾಗಿಲಲ್ಲಿ ಅಕ್ಕ. “ಮೀನಾ ಹುಡುಕಂದ್ರ ಚಾದರದಾಗ ಹುಡುಕಾಕತ್ತೀಯಲ್ಲೋ.”

“ಸುಮ್ಕಿರು ಅಕ್ಕಾ, ಗೊತ್ತಾತು.”

ನಿಜವಾಗಿಯೂ ಗೊತ್ತಾಗಿತ್ತು. ಮೇಜಿನ ಮುಂದೆ ನಾವು ಯಾರೂ ತಪ್ಪನ್ನು ಹುಡುಕುವುದಿಲ್ಲ. ಹುಡುಕಿದರೆ ಕಣ್ಣು ಅಲ್ಲಿ ಇಲ್ಲಿ ಹಾರುತ್ತದೆ, ಏನೂ ಸಿಗುವುದಿಲ್ಲ. ಹೊಸದಾಗಿ ಬಂದವರಿಗೆ ಇದನ್ನೇ ಕಲಿಸುವುದು. ನಾವು ಸರಿಯಾಗಿರುವ ಬಟ್ಟೆಯನ್ನು ನೋಡುತ್ತೇವೆ. ಒಂದೇ ವೇಗದಲ್ಲಿ, ಒಂದೇ ಕಡೆ ಕಣ್ಣಿಟ್ಟು, ಅದರ ನೇಯ್ಗೆ ಹೇಗೆ ಹೋಗುತ್ತಿದೆಯೋ ಹಾಗೆ ಹೋಗಲು ಬಿಡುತ್ತೇವೆ. ತಪ್ಪು ಇದ್ದರೆ ಅದೇ ಬಂದು ಕಣ್ಣಿಗೆ ಎಡವುತ್ತದೆ. ಸಮುದ್ರದಲ್ಲಿ ನಾನು ಮಾಡಿದ್ದು ಹೊಸಬನ ಕೆಲಸ. ಒಂದೊಂದು ಕಲ್ಲನ್ನೂ ಹಿಡಿದು ‘ನೀನು ಮೀನೋ, ನೀನು ಮೀನೋ’ ಎಂದು ಪೊಲೀಸನ ಹಾಗೆ ವಿಚಾರಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ನನ್ನವನಿಗೆ ಹೇಳಿದೆ: ಬಂಡೆಯ ಇಳಿಜಾರಿನ ಪಕ್ಕದಲ್ಲಿ ನನ್ನನ್ನು ಒಂದೇ ವೇಗದಲ್ಲಿ ತೆಗೆದುಕೊಂಡು ಹೋಗು, ನಿಲ್ಲಬೇಡ, ಏನನ್ನೂ ತೋರಿಸಬೇಡ. ಬೆಳಕು ನನ್ನ ಹೆಗಲ ಮೇಲಿಂದ ಓರೆಯಾಗಿ ಬೀಳುವ ಕಡೆ ಇರಲಿ. ಮತ್ತೂ ಹೇಳಿದೆ: ಗಾಳಿ ಮುಗಿದರೆ ಏನು ಮಾಡುವುದೆಂದು ಇನ್ನೊಂದು ಸಲ ಹೇಳು. ಅವನು ನಕ್ಕು ಇನ್ನೊಂದು ಸಲ ಹೇಳಿದ.

ಇಳಿದೆವು. ಅಂದು ನೀರು ಹಿಂದಿನ ದಿನಕ್ಕಿಂತ ತಿಳಿಯಾಗಿತ್ತು. ಇಳಿಜಾರು ನನ್ನ ಬಲಕ್ಕೆ ನಿಧಾನವಾಗಿ ಜಾರತೊಡಗಿತು. ಮೇಜಿನ ಮುಂದೆ ನಾನು ನಿಂತಿರುತ್ತೇನೆ, ಬಟ್ಟೆ ಹೋಗುತ್ತದೆ. ಇಲ್ಲಿ ಬಟ್ಟೆ ನಿಂತಿತ್ತು, ನಾನು ಹೋಗುತ್ತಿದ್ದೆ. ಕಣ್ಣಿಗೆ ಎರಡೂ ಒಂದೇ. ಮೀನಿನ ವಿಚಾರ ಬಿಟ್ಟೆ. ಕಲ್ಲು ನೋಡಿದೆ. ಕಲ್ಲಿನ ಮೇಲೆ ಕಂದು ಪಾಚಿ, ನಡುನಡುವೆ ಇಟ್ಟಿಗೆ ಬಣ್ಣದ ಕಲೆಗಳು, ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕಿಗಳು. ಅಲೆ ಬಂದಾಗ ಪಾಚಿಯೆಲ್ಲ ಒಟ್ಟಿಗೆ ದಡದ ಕಡೆ ವಾಲುತ್ತಿತ್ತು, ಹೋದಾಗ ಒಟ್ಟಿಗೆ ತಿರುಗಿ ವಾಲುತ್ತಿತ್ತು. ವಾಲುವುದು, ತಿರುಗುವುದು, ಹಾಸು, ಹೊಕ್ಕು. ಉಸಿರಿನ ಚಿಂತೆ ಯಾವಾಗ ಬಿಟ್ಟುಹೋಯಿತೋ ಗೊತ್ತಾಗಲಿಲ್ಲ. ಟವೆಲ್ಲಿನ ಮುಂದೆ ನಿಂತಾಗ ಹೋಗುವ ಹಾಗೆ ಹೋಗಿತ್ತು.

ಒಂದು ಕಡೆ ಅಂಗೈಯಷ್ಟು ಜಾಗ ವಾಲಲಿಲ್ಲ.

ಸುತ್ತಲಿನ ಪಾಚಿಯೆಲ್ಲ ಹೋಗಿ ಬಂತು. ಅದು ಇದ್ದಲ್ಲೇ ಇತ್ತು. ಬಣ್ಣ ಅದೇ, ಕಲೆ ಅದೇ, ಚುಕ್ಕಿ ಅದೇ, ಅಂಚಿನಲ್ಲಿ ಪಾಚಿಯಂಥ ಜೂಲು ಕೂಡ. ಆದರೆ ಅದರಲ್ಲೊಂದು ಗೆರೆ ಇತ್ತು. ತುದಿಗಳು ಕೆಳಗೆ ಬಾಗಿದ, ಮುನಿಸಿಕೊಂಡ ಬಾಯಿಯಂಥ ಗೆರೆ. ಕಲ್ಲು ಯಾರ ಮೇಲೂ ಮುನಿಸಿಕೊಳ್ಳುವುದಿಲ್ಲ. ಗೆರೆಯ ಮೇಲೆ ಒಂದು ಕಣ್ಣು, ಆ ಕಣ್ಣಿನ ಸುತ್ತಲೂ ಜೂಲು. ಅದು ನನ್ನನ್ನೇ ನೋಡುತ್ತಿತ್ತು, ಬಹುಶಃ ನಾನು ಬರುವ ಮೊದಲಿನಿಂದಲೂ.

ಆಮೇಲೆ ನಡೆದದ್ದರಲ್ಲಿ ನನ್ನ ಬುದ್ಧಿಯ ಪಾಲು ಏನೂ ಇಲ್ಲ. ಅಷ್ಟು ವರ್ಷಗಳಿಂದ ಕೈ ಏನು ಮಾಡಿಕೊಂಡು ಬಂದಿತ್ತೋ ಅದನ್ನೇ ಮಾಡಿತು. ತಪ್ಪು ಕಂಡಿತು, ಹೆಬ್ಬೆರಳು ಹೊರಟಿತು. ಒತ್ತಿ ಹಿಡಿ, ಅಡಗಲು ಬಿಡಬೇಡ. ನನ್ನ ಕೈ ನನ್ನ ಮುಂದೆಯೇ ಹೋಗುತ್ತಿರುವುದನ್ನು ನಾನು ಮುಖವಾಡದ ಗಾಜಿನಲ್ಲಿ ಬೇರೆ ಯಾರದೋ ಕೈ ಎಂಬಂತೆ ನೋಡಿದೆ. ಮೀನು ಬೆನ್ನ ಮೇಲಿನ ಮುಳ್ಳುಗಳನ್ನು ನೆಟ್ಟಗೆ ನಿಲ್ಲಿಸಿತು. ಒಂದು ಗೇಣು ಉಳಿದಿರಬೇಕು. ಅಷ್ಟರಲ್ಲಿ ಹಿಂದಿನಿಂದ ಸಿಲಿಂಡರಿಗೆ ಜಗ್ಗು ಬಿತ್ತು; ಹಗ್ಗ ಎಳೆದ ಕರುವಿನ ಹಾಗೆ ನಾನು ಹಿಂದಕ್ಕೆ ಬಂದೆ. ನನ್ನವನು ನನ್ನ ಮಣಿಕಟ್ಟು ಹಿಡಿದು ಅದನ್ನು ನನ್ನ ಎದೆಗೇ ಒತ್ತಿದ. ಅವನ ಕಣ್ಣು ಬೈಯುತ್ತಿತ್ತು. ಅದು ಮರಾಠಿಯಲ್ಲಿ ಎಂಬುದೂ ಗೊತ್ತಾಗುತ್ತಿತ್ತು.

ಆದರೆ ನನ್ನ ಭಯ ಮುಳ್ಳಿನದಾಗಿರಲಿಲ್ಲ. ಕೈ ಇಲ್ಲದೆ ಅದು ಕಳೆದುಹೋಗುತ್ತದೆ ಎಂಬುದು ನನ್ನ ಭಯ. ಹೆಬ್ಬೆರಳಿಲ್ಲದೆ ಒಂದು ತಪ್ಪನ್ನು ನಾನು ಎಂದೂ ಹಿಡಿದಿಟ್ಟವನಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬರಿಯ ಕಣ್ಣಿನಿಂದ ಒತ್ತಿ ಹಿಡಿದೆ. ಮೀನು ಅಲ್ಲೇ ಇತ್ತು. ಕಿವಿರು ಸಾವಕಾಶ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಉಳಿದಂತೆ ಕಲ್ಲು.

ಆಗ, ಯಾಕೆಂದು ಗೊತ್ತಿಲ್ಲ, ಎಡಗಣ್ಣು ಮುಚ್ಚಿದೆ.

ಮೀನು ಇರಲಿಲ್ಲ. ಮಂಜು ಕವಿದ ಹಾಗೆ ಕಂದು ಕಲ್ಲು, ಪಾಚಿ. ಗೆರೆ ಇಲ್ಲ, ಜೂಲು ಇಲ್ಲ, ಮುನಿಸು ಇಲ್ಲ. ಎಡಗಣ್ಣು ತೆರೆದೆ: ಮೀನು. ಬಲಗಣ್ಣು ಮುಚ್ಚಿದೆ: ಮೀನು, ಇನ್ನೂ ಸ್ಪಷ್ಟವಾಗಿ. ಮತ್ತೆ ಎಡಗಣ್ಣು ಮುಚ್ಚಿದೆ: ಕಲ್ಲು. ಮುಖವಾಡದ ಗಾಜು ಮಂಜಾಗಿರಬಹುದು ಎಂದು ತಲೆ ತಿರುಗಿಸಿ ಇನ್ನೊಂದು ಕೋನದಿಂದ ನೋಡಿದೆ. ಗಾಜು ಚೆನ್ನಾಗಿತ್ತು. ಕೆಟ್ಟ ಮಾಲು ಗಾಜಿನ ಒಳಗಿನದೇ.

ಅಕ್ಕ ತನ್ನವನೊಂದಿಗೆ ನಮ್ಮ ಕಡೆ ಬಂದಿದ್ದಳು. ಹೆಬ್ಬೆರಳು ಎತ್ತಲು ಹೋಗಿ ನೆನಪಾಗಿ ಮಡಚಿದಳು. ಕೊನೆಗೆ ಎರಡೂ ಕೈಗಳಿಂದ ನೀರಲ್ಲೇ ಚಪ್ಪಾಳೆ ತಟ್ಟಿದಳು, ಸದ್ದು ಬಾರದ ಚಪ್ಪಾಳೆ.

ದೋಣಿ ಹತ್ತಿದ ಮೇಲೆ ನನ್ನವನು ಮೊದಲು ಹೊಗಳಿದ, ಆಮೇಲೆ ಬೈದ. ಇಷ್ಟು ವರ್ಷಗಳಲ್ಲಿ ತಾವಾಗಿಯೇ ಚೇಳುಮೀನು ಕಂಡುಹಿಡಿದ ಹೊಸಬರನ್ನು ನೋಡಿದ್ದು ಅಪರೂಪ. ಕಂಡುಹಿಡಿದ ಮೇಲೆ ಅದನ್ನು ಒತ್ತಲು ಹೋದವರನ್ನು ನೋಡಿಯೇ ಇರಲಿಲ್ಲ ಎಂದ. ಬಟ್ಟೆ ತಪಾಸಣೆಯ ಪದ್ಧತಿಯನ್ನು ಅವನಿಗೆ ವಿವರಿಸಲು ಹೋದೆ. “ದಾದಾ, ಮೀನಿಗೆ ದಾರ ಕಟ್ಟುವವರಿದ್ದಿರೇನು?” ಎಂದು ಮರಾಠಿಯಲ್ಲಿ ಕೇಳಿ ಎದ್ದುಹೋದ.

ಅಕ್ಕ ಟವೆಲ್ಲು ಹೊದ್ದು, ಚಹಾದ ಕಪ್ಪು ಹಿಡಿದು ನನ್ನ ಎದುರು ಕೂತಳು. ಸೋಲಿನಲ್ಲಿ ಅವಳು ತಕರಾರು ಮಾಡುವವಳಲ್ಲ.

“ಆತು ಬಿಡು. ಗೆದ್ದಿ. ಮಾತಂದ್ರ ಮಾತು. ಇನ್ನ ಆಪರೇಶನ್ ಸುದ್ದಿ ನಾ ತಗಿಯಂಗಿಲ್ಲ. ನಿನ್ನ ಹೆಂಡ್ತಿಗೂ ಫೋನ್ ಮಾಡಿ ಹೇಳ್ತೀನಿ, ಇವನ ಕಣ್ಣು ಹದ್ದಿನ ಕಣ್ಣು ಅದ ಅಂತ.”

ಅವಳು ಫೋನು ತೆಗೆದೂ ಬಿಟ್ಟಳು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಗಣಪತಿ, ದೀಪಾವಳಿ, ಮುಂದಿನ ಗಣಪತಿ, ಯಾರೂ ಏನೂ ಕೇಳುತ್ತಿರಲಿಲ್ಲ. ನೀರೊಳಗೆ ನಾನು ಯಾವ ಕಣ್ಣು ಮುಚ್ಚಿದೆ ಎಂದು ನೋಡಿದವರು ಯಾರು? ಮೀನೊಂದೇ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಮಡಿಸಿ ಮೇಜಿನ ಮೇಲಿಟ್ಟ ಆ ಟವೆಲ್ಲು. ತಪ್ಪು ಕಂಡ ಮೇಲೆ ಗುರುತು ಹಾಕದೆ ಬಟ್ಟೆಯನ್ನು ಮುಂದೆ ಬಿಡುವುದು ನಮ್ಮ ಮೇಜಿನಲ್ಲಿ ಇಲ್ಲ. ಕಾಣದೆ ಬಿಟ್ಟರೆ ಅದು ಬೇರೆ. ಕಂಡು ಬಿಡುವಂತಿಲ್ಲ.

“ಫೋನ್ ಇಡು ಅಕ್ಕಾ.”

“ಯಾಕ?”

“ಎಡಗಣ್ಣೀಲೆ ಕಂಡದ. ಬಲಗಣ್ಣೀಲೆ ನೋಡಿದ್ರ ಬರೇ ಕಲ್ಲು.”

ಅಕ್ಕ ಚಹಾ ಕುಡಿಯುವುದನ್ನು ನಿಲ್ಲಿಸಿದಳು. “ಯಾವಾಗ ನೋಡ್ದಿ?”

“ಅಲ್ಲೇ, ಕೆಳಗ. ಎರಡೆರಡು ಸಲಾ ನೋಡೀನಿ.”

“ಅಂದ್ರ ಅರ್ಧ ಗೆದ್ದಿ.”

“ಹೂಂ. ಎಡಗಡಿ ಅರ್ಧ.”

ಅವಳಿಗೆ ನಗು ಬಂತು, ಚಹಾ ಚೆಲ್ಲಿತು. ಆಮೇಲೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು, ಬೇಳೆಯಲ್ಲಿ ಹರಳು ನೋಡುವ ಹಾಗೆ.

“ನಾ ಏನೂ ಅನ್ನಂಗಿಲ್ಲಪಾ. ಮಾತ್ ಕೊಟ್ಟೀನಿ.”

“ನೀ ಅನಬ್ಯಾಡ. ನಾ ಅನ್ನಾಕತ್ತೀನಿ. ಬಸ್ ಇಳದು ಸೀದಾ ದವಾಖಾನಿ.”

“ಹೆದರಿಕಿ?”

“ಅದ.”

“ಇರ್ಲಿ ಬಿಡು,” ಎಂದಳು. “ಡಬ್ಬಿ ಕಟ್ಟಿದಾಗೂ ಇತ್ತು.”

ಸೀದಾ ದವಾಖಾನೆ ಎಂದರೂ ಸೀದಾ ಆಗಲಿಲ್ಲ. ರಕ್ತ ಪರೀಕ್ಷೆ, ಸಕ್ಕರೆ, ರಕ್ತದೊತ್ತಡ; ಒತ್ತಡ ಪ್ರತಿ ಸಲ ಅಳೆದಾಗಲೂ ಏರುತ್ತಿತ್ತು, ನರ್ಸು ಪಟ್ಟಿ ಕೈಗೆತ್ತಿಕೊಂಡರೆ ಸಾಕು. ಕೊನೆಗೆ ಒಂದು ಬೆಳಿಗ್ಗೆ ಹಸಿರು ಅಂಗಿ ತೊಡಿಸಿ ಒಳಗೆ ಕರೆದರು. ಹನ್ನೂರಿನಿಂದ ಮೊದಲ ಬಸ್ಸಿಗೆ ಬಂದಿದ್ದ ಅಕ್ಕ ಹೊರಗೆ ನಮ್ಮ ಮನೆಯವಳ ಪಕ್ಕ ಕೂತಿದ್ದಳು. ಬಾಗಿಲು ಮುಚ್ಚುವ ಮೊದಲು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿ ತೋರಿಸಿದಳು.

ಮೇಜು ಇಲ್ಲಿ ಓರೆಯಾಗಿರಲಿಲ್ಲ, ಮಟ್ಟಸವಾಗಿತ್ತು, ಅದರ ಮೇಲೆ ನಾನಿದ್ದೆ. ಮುಖಕ್ಕೆ ಬಟ್ಟೆ ಹಾಸಿ ಬಲಗಣ್ಣಿನಷ್ಟು ಜಾಗ ಮಾತ್ರ ತೆರೆದಿಟ್ಟರು. ಮೇಲೆ ಬೆಳಕು. ತಪಾಸಣೆ ಮಾಡುವವರು ಬಾಗಿ ನೋಡುತ್ತಿದ್ದರು. ಬೆಳಕು ಮಂಜಿನೊಳಗಿಂದ, ನೀರಿನೊಳಗಿಂದ ಬಂದ ಹಾಗೆ ಬರುತ್ತಿತ್ತು. ಏನೋ ಹತ್ತಿರ ಬರುತ್ತಿದೆ ಎಂದು ತಿಳಿದೊಡನೆ ನನ್ನ ಕೈ ಏಳಲು ಹೊರಟಿತು. ಹೊದಿಕೆಯ ಕೆಳಗೆ ಅದನ್ನು ಇನ್ನೊಂದು ಕೈಯಿಂದ ಹಿಡಿದು ಒತ್ತಿದೆ.

“ಕಾಕಾ, ಹಲಾಯ್ಚ ನಾಹೀ,” ಎಂದರು ಡಾಕ್ಟರು. ಅಲುಗಬಾರದು.

ನಾನು ಅಲುಗಲಿಲ್ಲ. ಇಡೀ ಹೊತ್ತು ಕಲ್ಲಾಗಿ ಮಲಗಿದ್ದೆ. ಕಿವಿರು ಮಾತ್ರ ಸಾವಕಾಶ ಆಡುತ್ತಿತ್ತು.